ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಸಲಾ? ಒಬ್ಬ ಶಿಕ್ಷಕಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಸಾಗರದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಮನೆಯಲ್ಲಿ 2017ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಐ5 ಪ್ರೊಸೆಸರ್, 7ನೇ ಜನರೇಷನ್ ಅಂತೆ. 8 ಜಿಬಿ ರ‍್ಯಾಮ್, ಹಳೇ ಮಾದರಿಯ ಹಾರ್ಡ್ ಡಿಸ್ಕ್, ವಿಂಡೋಸ್ 10. ಇದಕ್ಕೆ ಇನ್ನು ಅಪ್‌ಡೇಟ್ ಇಲ್ಲ, ವಿಂಡೋಸ್ 11ಕ್ಕೆ ಈ ಕಂಪ್ಯೂಟರ್ ಆಗುವುದಿಲ್ಲ ಎಂದು ಪರದೆ ಮೇಲೆ ಬರುತ್ತಿದೆ. ಬೆಂಗಳೂರಿನಲ್ಲಿರುವ ನಮ್ಮಣ್ಣನ ಮಗ "ಲಿನಕ್ಸ್ ಹಾಕ್ಬಿಡಿ ಅತ್ತೆ, ವೈರಸ್ಸೇ ಬರಲ್ಲ, ಹೊಸ ಲ್ಯಾಪ್‌ಟಾಪ್ ಥರ ಓಡುತ್ತೆ" ಅನ್ನುತ್ತಾನೆ. ಇಲ್ಲಿನ ಅಂಗಡಿಯವರು "ಲಿನಕ್ಸ್ ಎಲ್ಲ ನಿಮ್ಮಂಥವರಿಗಲ್ಲ ಮೇಡಂ, ಹೇಗೋ ವಿಂಡೋಸ್ 11 ಕೂರಿಸಿ ಕೊಡ್ತೀನಿ" ಅನ್ನುತ್ತಾರೆ. ನಾನು ಮಾಡುವುದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ, ಶಾಲೆಯ ಆನ್‌ಲೈನ್ ಕೆಲಸ, ನೆಟ್ ಬ್ಯಾಂಕಿಂಗ್, ಯೂಟ್ಯೂಬ್. ಯಜಮಾನರ ಅಡಿಕೆ ವ್ಯಾಪಾರದ ಲೆಕ್ಕ ಟ್ಯಾಲಿಯಲ್ಲಿ, ಇದೇ ಲ್ಯಾಪ್‌ಟಾಪ್‌ನಲ್ಲಿದೆ. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900. ಮಗ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತಗೊಂಡಿದ್ದಾನೆ. ಇಷ್ಟು ವರ್ಷದ ಫೈಲು, ಫೋಟೋ ಎಲ್ಲ ಅದರಲ್ಲೇ ಇದೆ, ಹೋದರೆ ಏನು ಗತಿ ಅಂತ ಭಯ. ಯಾರ ಮಾತು ಕೇಳಲಿ?

ಉತ್ತರ: ಮೇಡಂ, ನೇರವಾಗಿ ಹೇಳಿಬಿಡುತ್ತೇನೆ. ಲಿನಕ್ಸ್ ಅಂದರೆ ವಿಂಡೋಸ್ ಥರವೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ. ಅದನ್ನು ಹಾಕಿಸಿ, ಆದರೆ ವಿಂಡೋಸ್ ಅಳಿಸಬೇಡಿ. ಸದ್ಯಕ್ಕಂತೂ ಬೇಡ. ನಿಮ್ಮ ಅಣ್ಣನ ಮಗನ ಮಾತಿನಲ್ಲಿ ಅರ್ಧ ಸತ್ಯ ಇದೆ, ಅಂಗಡಿಯವರ ಮಾತಿನಲ್ಲಿ ಅದಕ್ಕಿಂತ ಕಡಿಮೆ ಇದೆ. ಇಬ್ಬರೂ ನೀವು ಆ ಕಂಪ್ಯೂಟರ್‌ನಲ್ಲಿ ಏನೇನು ಮಾಡುತ್ತೀರಿ ಅಂತ ಕೇಳಿಲ್ಲ. ತೀರ್ಮಾನ ಆಗಬೇಕಾದದ್ದು ಅದರ ಮೇಲೆ. ನಿಮ್ಮ ಪಟ್ಟಿಯಲ್ಲಿ ಮುಕ್ಕಾಲು ಪಾಲು ಕೆಲಸ ಲಿನಕ್ಸ್‌ನಲ್ಲಿ ಆರಾಮಾಗಿ ಆಗುತ್ತದೆ. ಮೂರು ವಿಷಯಕ್ಕೆ ಮಾತ್ರ ಯೋಚನೆ ಮಾಡಬೇಕು: ನುಡಿ, ಪ್ರಿಂಟರ್, ಟ್ಯಾಲಿ.

ಮೊದಲು ವಿಂಡೋಸ್ 10ರ ವಿಷಯ. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಂತ ಕಂಪ್ಯೂಟರ್ ನಿಂತುಹೋಗುವುದಿಲ್ಲ, ಫೈಲುಗಳೂ ಎಲ್ಲೂ ಹೋಗುವುದಿಲ್ಲ. ತೊಂದರೆ ಬೇರೆ ಥರದ್ದು. ವಿಂಡೋಸ್ 11 ಮತ್ತು 10ರ ಒಳಗಿನ ಎಷ್ಟೋ ಭಾಗ ಒಂದೇ. ಪ್ರತಿ ತಿಂಗಳು 11ರಲ್ಲಿ ಯಾವ ದೋಷ ಸರಿಪಡಿಸಿದರು ಎಂಬುದನ್ನು ನೋಡಿದರೆ ಸಾಕು, 10ರಲ್ಲಿ ಯಾವುದು ಹಾಗೇ ಉಳಿದಿದೆ ಎಂದು ಕಿಡಿಗೇಡಿಗಳಿಗೆ ಗೊತ್ತಾಗುತ್ತದೆ. ತಿಂಗಳು ಕಳೆದಂತೆ ಈ ಅಪಾಯ ಹೆಚ್ಚುತ್ತಾ ಹೋಗುತ್ತದೆ. ನೆಟ್ ಬ್ಯಾಂಕಿಂಗ್ ಮಾಡುವ ಯಂತ್ರದಲ್ಲಿ ಇದನ್ನು ಬಹಳ ದಿನ ಬಿಡಬಾರದು.

ಇದಕ್ಕೆ ಒಂದು ತಾತ್ಕಾಲಿಕ ದಾರಿ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಮುಂದುವರಿಸುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿದೆ. ನಿಮ್ಮದು ವಿಂಡೋಸ್ 10ರ 22ಎಚ್2 ಆವೃತ್ತಿ ಆಗಿರಬೇಕು, ಅಷ್ಟೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಇದಕ್ಕೆ ಸೇರಿಕೊಳ್ಳುವ ಕೊಂಡಿ ಸಿಗುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡಬೇಕಾಗಿಲ್ಲ. ಲಿನಕ್ಸ್ ಹಾಕಿಸಿ, ಬಿಡಿ, ಇದನ್ನು ಇವತ್ತೇ ಮಾಡಿ. ಅವಸರದಲ್ಲಿ ತೀರ್ಮಾನ ತಗೊಳ್ಳುವುದು ತಪ್ಪುತ್ತದೆ.

ಇನ್ನು ಅಂಗಡಿಯವರ ವಿಂಡೋಸ್ 11. ನಿಮ್ಮ ಲ್ಯಾಪ್‌ಟಾಪ್ ಬೇಡವೆಂದದ್ದು ಶಕ್ತಿ ಸಾಲದೆ ಅಲ್ಲ. ಇಂಟೆಲ್‌ನಲ್ಲಿ ಬೆರಳೆಣಿಕೆಯ ಅಪವಾದ ಬಿಟ್ಟರೆ 8ನೇ ಜನರೇಷನ್‌ನಿಂದ ಮುಂದಿನ ಪ್ರೊಸೆಸರ್‌ಗಳನ್ನು ಮಾತ್ರ ಮೈಕ್ರೋಸಾಫ್ಟ್ ಪಟ್ಟಿಗೆ ಸೇರಿಸಿದೆ. ನಿಮ್ಮದು ಒಂದು ಮೆಟ್ಟಿಲು ಹಿಂದಿದೆ. ಈ ತಪಾಸಣೆಯನ್ನು ತಪ್ಪಿಸಿ 11 ಕೂರಿಸುವ ವಿಧಾನಗಳಿವೆ, ಕೂರಿಸಿದರೆ ಓಡುತ್ತದೆ ಕೂಡ. ಆದರೆ ಅಂಥ ಕಂಪ್ಯೂಟರ್‌ಗೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟನ್ನು ಪ್ರತಿ ಸಲ ಕೈಯಾರೆ ಹಾಕಿಸಬೇಕಾಗಿ ಬರಬಹುದು. ಜೊತೆಗೆ ಒಂದು ಮಾತು ಕೇಳಿಕೊಳ್ಳಿ: ಹಾಕುತ್ತಿರುವುದು ಅಸಲಿ ವಿಂಡೋಸೇ, ಅಥವಾ ನಕಲಿಯನ್ನು ಅಸಲಿಯಂತೆ ನಡೆಸುವ, ಎಲ್ಲಿಂದಲೋ ತಂದ ಆಕ್ಟಿವೇಟರ್ ಹಾಕುತ್ತಾರಾ? ನಾನು ಸರ್ವಿಸ್ ಮಾಡಿದ ಯಂತ್ರಗಳಲ್ಲಿ ವೈರಸ್ ಒಳಗೆ ಬಂದ ದಾರಿ ಎಷ್ಟೋ ಸಲ ಆ ಆಕ್ಟಿವೇಟರೇ ಆಗಿತ್ತು.

"ನಿಮ್ಮಂಥವರಿಗಲ್ಲ" ಅಂದರಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷಗಳಿಂದ ಮಕ್ಕಳು, ಮೇಷ್ಟ್ರುಗಳು ಲಿನಕ್ಸ್‌ನಲ್ಲೇ ಪಾಠ, ಪ್ರಾಕ್ಟಿಕಲ್ ಎಲ್ಲ ಮಾಡುತ್ತಿದ್ದಾರೆ. ಅಲ್ಲಿನ ಶಿಕ್ಷಕಿಯರಿಗೆ ಆಗುವುದು ನಿಮಗೆ ಯಾಕೆ ಆಗಬಾರದು? ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್ ಆದರೆ ಅದರ ತಳದಲ್ಲಿ ಇರುವುದೂ 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಆ ಲಿನಕ್ಸ್ ಕರ್ನೆಲ್ಲೇ, ಅಂದರೆ ಅದರ ತಿರುಳೇ. ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯಬೇಕು ಎಂಬ ಭಯ ಹಳೆಯದು. ಲಿನಕ್ಸ್‌ನಲ್ಲಿ ಹಲವು ಬಗೆ ಇವೆ, ಅವುಗಳಲ್ಲಿ ಲಿನಕ್ಸ್ ಮಿಂಟ್‌ನಂಥ ಬಗೆಯಲ್ಲಿ ಎಡಗಡೆ ಕೆಳಗೆ ಮೆನು, ಫೈಲು ನೋಡಲು ಫೋಲ್ಡರ್ ಕಿಟಕಿ, ಬಲಗಡೆ ವೈಫೈ ಗುರುತು ಎಲ್ಲ ನಿಮಗೆ ಗೊತ್ತಿರುವ ಜಾಗದಲ್ಲೇ ಇರುತ್ತವೆ. ದಿನದ ಕೆಲಸಕ್ಕೆ ಕಮಾಂಡ್ ಬೇಕಾಗುವುದಿಲ್ಲ. ಏನಾದರೂ ಕೆಟ್ಟಾಗ ಮಾತ್ರ ಬೇಕಾಗಬಹುದು.

ಈಗ ಅಣ್ಣನ ಮಗನ ಮಾತಿಗೆ ಬರೋಣ. ಲಿನಕ್ಸ್‌ಗೆ ವೈರಸ್ಸೇ ಬರುವುದಿಲ್ಲ ಅನ್ನುವುದು ನಿಜವಲ್ಲ. ಮನೆ ಕಂಪ್ಯೂಟರ್‌ಗಳಲ್ಲಿ ಕಡಿಮೆ ಅನ್ನುವುದು ನಿಜ. ಕಾರಣ ಸರಳ. ಪೆನ್‌ಡ್ರೈವ್‌ನಲ್ಲಿ ಓಡಾಡುವ ಕಿಡಿಗೇಡಿ ಪ್ರೋಗ್ರಾಂಗಳು ವಿಂಡೋಸ್‌ಗೆಂದೇ ಬರೆದವು, ಅವು ಇಲ್ಲಿ ಓಡುವುದಿಲ್ಲ. ಬೇಕಾದ ತಂತ್ರಾಂಶವನ್ನು ಕಂಡಕಂಡ ವೆಬ್‌ಸೈಟಿನಿಂದ ಇಳಿಸಿಕೊಳ್ಳುವ ಬದಲು ಮಿಂಟ್‌ನವರೇ ಇಟ್ಟಿರುವ ಸಂಗ್ರಹದಿಂದ ಹಾಕಿಕೊಳ್ಳುತ್ತೀರಿ. ಆದರೂ 2024ರ ಮಾರ್ಚ್‌ನಲ್ಲಿ ಲಿನಕ್ಸ್ ಯಂತ್ರಗಳಲ್ಲಿ ಬಳಸುವ ಎಕ್ಸ್‌ಝಡ್ ಎಂಬ ಚಿಕ್ಕ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಪತ್ತೆಯಾಯಿತು. ಲಾಗಿನ್ ಆಗಲು ಮಾಮೂಲಿಗಿಂತ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಅದು ಸಿಕ್ಕಿತು. ಬಹುಪಾಲು ಜನರ ಯಂತ್ರಕ್ಕೆ ತಲುಪುವ ಮೊದಲೇ ತಡೆದರು. ಎಲ್ಲರಿಗೂ ಕಾಣುವಂತೆ ಬರೆದ ತಂತ್ರಾಂಶದ ಬಲವೂ ಅದರಲ್ಲಿದೆ, ಎಚ್ಚರ ತಪ್ಪುವಂತಿಲ್ಲ ಎಂಬುದೂ ಅದರಲ್ಲಿದೆ. ಇನ್ನು ಒಟಿಪಿ ಕೇಳಿ ದುಡ್ಡು ಹೊಡೆಯುವವರಿಗೆ, ಬ್ಯಾಂಕಿನ ಹೆಸರಲ್ಲಿ ನಕಲಿ ಲಿಂಕ್ ಕಳಿಸುವವರಿಗೆ ನಿಮ್ಮ ಹತ್ತಿರ ಯಾವ ಸಿಸ್ಟಂ ಇದ್ದರೂ ಒಂದೇ.

"ಹೊಸದರ ಥರ ಓಡುತ್ತೆ" ಅಂದದ್ದಕ್ಕೂ ಒಂದು ತಿದ್ದುಪಡಿ. ಲಿನಕ್ಸ್ ಮಿಂಟ್‌ಗೆ 4 ಜಿಬಿ ರ‍್ಯಾಮ್ ಇದ್ದರೆ ಸಾಕು ಅನ್ನುತ್ತಾರೆ, ನಿಮ್ಮಲ್ಲಿ 8 ಇದೆ. ಹಗುರವಾಗಿರುವುದು ದಿಟ. ಆದರೆ ನಿಮ್ಮ ಲ್ಯಾಪ್‌ಟಾಪ್ ನಿಧಾನ ಆಗಿರುವುದಕ್ಕೆ ದೊಡ್ಡ ಕಾರಣ ಆ ಹಳೇ ಹಾರ್ಡ್ ಡಿಸ್ಕ್. ಒಳಗೆ ತಟ್ಟೆ ತಿರುಗಿ, ಮುಳ್ಳು ಸರಿದು ಓದುವ ಯಂತ್ರ ಅದು. ಅದನ್ನು ತೆಗೆದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಹಾಕಿಸಿದರೆ ವಿಂಡೋಸ್ 10 ಕೂಡ ಬೇರೆಯೇ ಆಗಿ ಕಾಣುತ್ತದೆ. ಬ್ರೌಸರ್‌ನಲ್ಲಿ ಇಪ್ಪತ್ತು ಪುಟ ತೆರೆದಿಟ್ಟರೆ ಲಿನಕ್ಸ್‌ನಲ್ಲೂ ರ‍್ಯಾಮ್ ಅಷ್ಟೇ ತಿನ್ನುತ್ತದೆ.

ನುಡಿ ಫೈಲುಗಳ ಕಥೆ

ಲಿನಕ್ಸ್ ಬಗ್ಗೆ ಬರೆಯುವವರು ಹೆಚ್ಚಾಗಿ ಹೇಳದ ವಿಷಯ ಇದು. ಕನ್ನಡದಲ್ಲಿ ಕೆಲಸ ಮಾಡುವವರಿಗೆ ನಿಜವಾದ ತೊಡಕು ಇರುವುದೇ ಇಲ್ಲಿ.

ನಿಮ್ಮ ಹಳೇ ಪ್ರಶ್ನೆಪತ್ರಿಕೆಗಳು ಬಹುಶಃ "ನುಡಿ 01 ಇ" ಥರದ ಫಾಂಟ್‌ನಲ್ಲಿವೆ. ಅಂಥ ಫೈಲಿನೊಳಗೆ ಕನ್ನಡ ಅಕ್ಷರ ಇರುವುದೇ ಇಲ್ಲ. "ಕನ್ನಡ" ಎಂದು ಟೈಪ್ ಮಾಡಿದಾಗ ಒಳಗೆ ಕೂರುವುದು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು, ಹೀಗೆ. ನುಡಿ ಫಾಂಟ್ ಆ ಗುರುತುಗಳ ಜಾಗದಲ್ಲಿ ಕನ್ನಡದ ಆಕಾರ ಬರೆದು ತೋರಿಸುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಬರೀ ಪಿ, ಎ, ಪೌಂಡ್ ಸಾಲು ಕಾಣುತ್ತದೆ. ಶಾಲೆಯ ಬೇರೆ ಕಂಪ್ಯೂಟರ್‌ನಲ್ಲಿ ನಿಮಗೇ ಹೀಗೆ ಆಗಿರಬಹುದು ಅಲ್ವಾ? ಲಿನಕ್ಸ್‌ನಲ್ಲೂ ಅದೇ ಆಗುತ್ತದೆ. ಜನ ಗಾಬರಿಯಾಗಿ "ಫೈಲೆಲ್ಲ ಹಾಳಾಯ್ತು" ಅಂದುಕೊಳ್ಳುತ್ತಾರೆ. ಹಾಳಾಗಿರುವುದಿಲ್ಲ. ನುಡಿ ಫಾಂಟ್‌ನ ಫೈಲುಗಳನ್ನು ಲಿನಕ್ಸ್‌ಗೆ ಹಾಕಿಕೊಂಡರೆ ಲಿಬ್ರೆಆಫೀಸ್‌ ಎಂಬ, ವರ್ಡ್ ಥರದ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಓದಲು ಬರುತ್ತದೆ, ಪ್ರಿಂಟೂ ಆಗುತ್ತದೆ.

ಆದರೆ ಆ ಹಳೇ ಪದ್ಧತಿಯಲ್ಲಿ ಹೊಸದಾಗಿ ಟೈಪ್ ಮಾಡಲು ನುಡಿ ತಂತ್ರಾಂಶವೇ ಬೇಕು, ಅದು ವಿಂಡೋಸ್‌ನದು. ಲಿನಕ್ಸ್‌ನಲ್ಲಿ ಬರೆಯುವುದು ಯೂನಿಕೋಡ್‌ನಲ್ಲಿ, ಅಂದರೆ ವಾಟ್ಸಾಪ್‌ನಲ್ಲಿ ನೀವು ಕಳಿಸುವ ಕನ್ನಡದ ರೀತಿಯಲ್ಲಿ. ಸಂತೋಷದ ಸಂಗತಿ ಏನೆಂದರೆ ನಿಮ್ಮ ಬೆರಳುಗಳು ಹೊಸದೇನೂ ಕಲಿಯಬೇಕಾಗಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸದ ಬುನಾದಿಯ ಮೇಲೆ ಬಂದ ನಿಮ್ಮ ನುಡಿ ಕೀಲಿಮಣೆಯೇ ಲಿನಕ್ಸ್‌ನಲ್ಲಿ ಕೆಜಿಪಿ ಎಂಬ ಹೆಸರಲ್ಲಿ ಇದೆ. ಇನ್‌ಪುಟ್ ಮೆಥಡ್ ಪುಟದಲ್ಲಿ ಐಬಸ್ ಆರಿಸಿ, ಐಬಸ್-ಎಂ17ಎನ್ ಎಂಬ ಪೊಟ್ಟಣ ಹಾಕಿಕೊಂಡು, ಪಟ್ಟಿಯಲ್ಲಿ ಕನ್ನಡ ಕೆಜಿಪಿ ಸೇರಿಸಿಕೊಳ್ಳಬೇಕು. ಕೆ, ಎಫ್, ಕೆ ಒತ್ತಿದರೆ "ಕ್ಕ" ಬರುತ್ತದೆ, ನುಡಿಯಲ್ಲಿ ಬರುವ ಹಾಗೇ. ಮೊದಲ ಸಲ ಕೂರಿಸುವಾಗ ಸ್ವಲ್ಪ ಹುಡುಕಾಟ ಆಗುತ್ತದೆ, ಅಣ್ಣನ ಮಗನ ಕೈಯಲ್ಲೇ ಮಾಡಿಸಿ. ನೋಟೋ, ಲೋಹಿತ್, ಗುಬ್ಬಿ, ನವಿಲು ಮುಂತಾದ ಕನ್ನಡ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ. ವಿಂಡೋಸ್‌ನ ತುಂಗಾ ಮಾತ್ರ ಇಲ್ಲಿ ಇರುವುದಿಲ್ಲ. ಹಾಗಾಗಿ ತುಂಗಾದಲ್ಲಿ ಮಾಡಿದ ಎರಡು ಪುಟದ ಪತ್ರಿಕೆ ಇಲ್ಲಿ ಎರಡೂಕಾಲು ಪುಟ ಆಗಬಹುದು, ಟೇಬಲ್ ಸ್ವಲ್ಪ ಸರಿಯಬಹುದು. ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ.

ಹಳೇ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳೂ ಇವೆ. ಒಂದೇ ದಿನ ಎಲ್ಲವನ್ನೂ ಬದಲಿಸಲು ಹೋಗಬೇಡಿ. ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಬೇಕು. ಕನ್ನಡದ ಮಧ್ಯೆ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ತಿಳಿದು ಕಲಸಿಹಾಕುತ್ತದೆ. ಯಾವ ಪಾಠದ ಪತ್ರಿಕೆ ಈ ಸಲ ಬೇಕೋ ಅದನ್ನು ಬದಲಿಸಿ, ಓದಿ ತಿದ್ದಿ, ಮೂಲ ಫೈಲನ್ನು ಹಾಗೇ ಇಡಿ. ನನ್ನ ಕಳಕಳಿಯ ಸಲಹೆ: ಲಿನಕ್ಸ್‌ಗೆ ಹೋಗದಿದ್ದರೂ ಈ ಹಳೇ ಪದ್ಧತಿ ಬಿಡಿ. ನುಡಿಯ ಈಚಿನ ಆವೃತ್ತಿಗಳಲ್ಲೇ ಯೂನಿಕೋಡ್ ಆಯ್ಕೆ ಇದೆ. ಹಳೇ ಪದ್ಧತಿಯಲ್ಲಿ ಬರೆದದ್ದನ್ನು ಇಂಟರ್ನೆಟ್‌ನಲ್ಲಿ ಹುಡುಕಲಾಗುವುದಿಲ್ಲ, ಫೋನ್‌ನಲ್ಲಿ ಓದಲಾಗುವುದಿಲ್ಲ. ನೀವು ಇಷ್ಟು ವರ್ಷ ಕೂತು ಮಾಡಿದ ಪ್ರಶ್ನೆಗಳು ಒಂದು ಫಾಂಟ್ ಇದ್ದರೆ ಮಾತ್ರ ಬದುಕುವ ಸ್ಥಿತಿಯಲ್ಲಿ ಇರಬಾರದು.

ಪ್ರಿಂಟರ್ ಮತ್ತು ಟ್ಯಾಲಿ

ಎಲ್‌ಬಿಪಿ 2900 ನಮ್ಮ ಕಡೆ ಶಾಲಾ ಕಚೇರಿ, ಜೆರಾಕ್ಸ್ ಅಂಗಡಿ ಎಲ್ಲೆಲ್ಲೂ ಇರುವ ಗಟ್ಟಿ ಪ್ರಿಂಟರ್. ಲಿನಕ್ಸ್ ಮಟ್ಟಿಗೆ ಮಾತ್ರ ಅದು ತಲೆನೋವು. ಪುಟವನ್ನು ಚುಕ್ಕಿಗಳಾಗಿ ಸಿದ್ಧ ಮಾಡುವ ಕೆಲಸವನ್ನು ಅದು ತಾನು ಮಾಡುವುದಿಲ್ಲ, ಕಂಪ್ಯೂಟರ್‌ಗೇ ಬಿಡುತ್ತದೆ. ಅದಕ್ಕೆ ಕ್ಯಾಪ್ಟ್ ಎಂಬ ವಿಶೇಷ ಡ್ರೈವರ್ ಬೇಕು. ಲಿನಕ್ಸ್‌ನಲ್ಲಿ ಅದನ್ನು ಕೂರಿಸಬಹುದು, ಆದರೆ ಗುದ್ದಾಡಬೇಕು. ಕೂರಿಸಿದ ಮೇಲೂ ದೊಡ್ಡ ಅಪ್‌ಡೇಟ್ ಆದಾಗ ಕೈಕೊಡಬಹುದು. ಪರೀಕ್ಷೆಯ ಹಿಂದಿನ ದಿನ ಆ ಫಜೀತಿ ಬೇಡ. ಪಿಡಿಎಫ್ ಮಾಡಿ ವಿಂಡೋಸ್ ಕಡೆಯಿಂದ ಪ್ರಿಂಟ್ ಕೊಡಿ. ಮುಂದೆ ಯಾವಾಗಲಾದರೂ ಹೊಸದು ಕೊಳ್ಳುವಾಗ ಡ್ರೈವರ್ ಇಲ್ಲದೆ ಫೋನ್‌ನಿಂದಲೇ ವೈಫೈ ಮೂಲಕ ಪ್ರಿಂಟ್ ಮಾಡುವಂಥದ್ದು ನೋಡಿ. ಅಂಥವು ಸಾಮಾನ್ಯವಾಗಿ ಲಿನಕ್ಸ್‌ನಲ್ಲೂ ತಾವಾಗಿ ಹಿಡಿಯುತ್ತವೆ.

ಟ್ಯಾಲಿ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅದು ವಿಂಡೋಸ್‌ಗೆ ಮಾಡಿದ ತಂತ್ರಾಂಶ. ವೈನ್ ಎಂಬ ಸಾಧನ ಹಾಕಿ ಲಿನಕ್ಸ್‌ನಲ್ಲಿ ಓಡಿಸಬಹುದು ಎಂದು ಯಾರಾದರೂ ಹೇಳಿದರೆ ಅದನ್ನು ಯಜಮಾನರ ಲೆಕ್ಕದ ಮೇಲೆ ಪ್ರಯೋಗ ಮಾಡಬೇಡಿ. ಜಿಎಸ್‌ಟಿ ಗಡುವು ಹತ್ತಿರ ಬಂದಾಗ ಲೈಸೆನ್ಸ್ ತಕರಾರು ಎದ್ದರೆ ಕೇಳುವವರು ಇರುವುದಿಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುತ್ತಿದ್ದರೆ ಅದೂ ವಿಂಡೋಸ್‌ನಲ್ಲೇ ಇರಲಿ. ನಿಮಗೆ ವಿಂಡೋಸ್ ಅಳಿಸಬೇಡಿ ಎನ್ನುತ್ತಿರುವುದಕ್ಕೆ ಮುಖ್ಯ ಕಾರಣ ಈ ಟ್ಯಾಲಿ. ಅದಿಲ್ಲದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಉಳಿದದ್ದೆಲ್ಲ ಸಲೀಸು. ಶಾಲೆಯ ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್, ಬ್ಯಾಂಕು, ಪಹಣಿ, ಡಿಜಿಲಾಕರ್, ವಾಟ್ಸಾಪ್ ವೆಬ್, ಗೂಗಲ್ ಮೀಟ್, ಯೂಟ್ಯೂಬ್ ಎಲ್ಲ ಬ್ರೌಸರ್‌ನಲ್ಲಿ ನಡೆಯುವವು. ಫೈರ್‌ಫಾಕ್ಸ್ ಮೊದಲೇ ಇರುತ್ತದೆ, ಕ್ರೋಮ್ ಬೇಕಾದರೆ ಹಾಕಿಕೊಳ್ಳಬಹುದು. ಝೂಮ್‌ಗೂ ಲಿನಕ್ಸ್ ಆವೃತ್ತಿ ಇದೆ.

ಹಾಕಿಸುವುದು ಹೇಗೆ

ಹಾಕಿಸುವ ಮೊದಲು ಸುಮ್ನೆ ಓಡಿಸಿ ನೋಡಿ. 8 ಜಿಬಿಯ ಖಾಲಿ ಪೆನ್‌ಡ್ರೈವ್ ಸಾಕು, ಅದರಲ್ಲಿ ಏನಿದ್ದರೂ ಅಳಿಯುತ್ತದೆ. ಲಿನಕ್ಸ್ ಮಿಂಟ್‌ನ ಫೈಲು ಸುಮಾರು 3 ಜಿಬಿ ಇದೆ. 22ರ ಸರಣಿ ತಗೊಳ್ಳಿ, 2029ರವರೆಗೆ ಅಪ್‌ಡೇಟ್ ಬರುತ್ತದೆ. ಅದನ್ನು ರೂಫಸ್ ಥರದ ಸಾಧನದಿಂದ ಪೆನ್‌ಡ್ರೈವ್‌ಗೆ ಬರೆದು, ಲ್ಯಾಪ್‌ಟಾಪನ್ನು ಪೆನ್‌ಡ್ರೈವ್‌ನಿಂದ ಶುರು ಮಾಡಿದರೆ ಮಿಂಟ್ ತೆರೆದುಕೊಳ್ಳುತ್ತದೆ. ಇನ್‌ಸ್ಟಾಲ್ ಗುಂಡಿ ಒತ್ತುವವರೆಗೆ ನಿಮ್ಮ ಡಿಸ್ಕ್‌ನಲ್ಲಿ ತಾನಾಗಿ ಏನೂ ಬದಲಾಗುವುದಿಲ್ಲ. ಪೆನ್‌ಡ್ರೈವ್‌ನಿಂದ ಓಡುವಾಗ ನಿಧಾನ ಇರುತ್ತದೆ, ಅದನ್ನು ನೋಡಿ ಬೇಸರ ಮಾಡಿಕೊಳ್ಳಬೇಡಿ. ವೈಫೈ ಹಿಡಿಯುತ್ತಾ, ಧ್ವನಿ ಬರುತ್ತಾ, ಕ್ಯಾಮೆರಾ ಕಾಣುತ್ತಾ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಾಗುತ್ತಾ, ಶಾಲೆಯ ಪ್ರೊಜೆಕ್ಟರ್‌ಗೆ ಹಾಕಿದರೆ ಚಿತ್ರ ಬರುತ್ತಾ ಎಂದು ನೋಡಿ. ನಿಮ್ಮದೇ ಒಂದು ಪ್ರಶ್ನೆಪತ್ರಿಕೆ ತೆರೆದು ನೋಡಿ. ಲಿನಕ್ಸ್ ಹಾಕಿಸಿ ಮತ್ತೆ ವಿಂಡೋಸ್‌ಗೆ ಬಂದ ಮನೆಗಳನ್ನು ನಾನು ಕಂಡಿದ್ದೇನೆ. ಹೆಚ್ಚಿನ ಕಡೆ ಕಾರಣ ಪ್ರಿಂಟರೋ, ಯಾವುದೋ ಒಂದು ತಂತ್ರಾಂಶವೋ ಆಗಿತ್ತು. ಎರಡೂ ಮೊದಲೇ ಗೊತ್ತಾಗುವಂಥವು.

ಎಲ್ಲ ಸರಿ ಇದ್ದರೆ ಎರಡೂ ಸಿಸ್ಟಂ ಇಡುವ ಡ್ಯುಯಲ್ ಬೂಟ್ ಮಾಡಿಸಿ. ಇದರಲ್ಲಿ ಅಪಾಯ ಇಲ್ಲ ಎಂದು ಹೇಳುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಒಂದು ಪರದೆ ಬರುತ್ತದೆ. ವಿಂಡೋಸ್ ಪಕ್ಕದಲ್ಲಿ ಹಾಕು ಎಂಬುದು ಒಂದು ಆಯ್ಕೆ, ಇಡೀ ಡಿಸ್ಕ್ ಅಳಿಸಿ ಹಾಕು ಎಂಬುದು ಇನ್ನೊಂದು. ಒಂದರ ಕೆಳಗೆ ಒಂದು ಇರುತ್ತವೆ. ಫೈಲು, ಫೋಟೋ ಎಲ್ಲ ಕಳಕೊಂಡವರು ಕಳಕೊಳ್ಳುವುದು ಆ ಪರದೆಯಲ್ಲಿ. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳದೆ ಮುಟ್ಟಲೇಬೇಡಿ. ವಿಂಡೋಸ್ ಬೇಗ ತೆರೆಯಲೆಂದು ಪೂರ್ತಿ ಮುಚ್ಚದೆ ಇಡುವ ಫಾಸ್ಟ್ ಸ್ಟಾರ್ಟಪ್ ಆಯ್ಕೆಯನ್ನು ಆಫ್ ಮಾಡಿ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಒಂದರಿಂದ ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ತೆರೆಯದೆ ಹೋಗಿತ್ತು. ಆಮೇಲೆ ಸರಿಯಾಯಿತು, ಆದರೆ ಇಂಥದ್ದು ಆಗುತ್ತದೆ ಎಂದು ತಿಳಿದಿರಲಿ.

ನಿಮ್ಮಂಥವರಿಗೆ ನಾನು ಸಾಮಾನ್ಯವಾಗಿ ಮಾಡಿಸುವ ಕ್ರಮ ಇದು. ಟ್ಯಾಲಿ ಡೇಟಾದ ಬ್ಯಾಕಪ್ ತೆಗೆದು, ಅದರ ಲೈಸೆನ್ಸನ್ನು ಸರೆಂಡರ್ ಮಾಡಿಸುವುದು, ಅಂದರೆ ಸದ್ಯಕ್ಕೆ ಈ ಯಂತ್ರದಿಂದ ಬಿಡಿಸುವುದು. ಎಸ್‌ಎಸ್‌ಡಿ ತಂದು ಹಳೇ ಡಿಸ್ಕ್‌ನಲ್ಲಿರುವ ವಿಂಡೋಸನ್ನು ಅದಕ್ಕೆ ಇದ್ದ ಹಾಗೇ ನಕಲು ಮಾಡುವುದು. ಆಮೇಲೆ ಹಳೇ ಡಿಸ್ಕನ್ನು ಹೊರಗೆ ತೆಗೆದು ಎತ್ತಿಡುವುದು. ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಸರಿಯಾಗಿ ತೆರೆದ ಮೇಲೆ ಟ್ಯಾಲಿ ಲೈಸೆನ್ಸ್ ಮತ್ತೆ ಆಕ್ಟಿವೇಟ್ ಮಾಡಿ, ಪಕ್ಕದಲ್ಲಿ ಮಿಂಟ್ ಹಾಕುವುದು. ಏನೇ ಎಡವಟ್ಟಾದರೂ ನಿಮ್ಮ ಫೈಲು, ಫೋಟೋ ಎಲ್ಲ ಆ ಹಳೇ ಡಿಸ್ಕ್‌ನಲ್ಲಿ ಹಾಗೇ ಇರುತ್ತವೆ. ನಿಮ್ಮ ಭಯಕ್ಕೆ ಇದಕ್ಕಿಂತ ಒಳ್ಳೆಯ ಪರಿಹಾರ ನನಗೆ ಗೊತ್ತಿಲ್ಲ. ಇದನ್ನು ಬೇಸಿಗೆ ರಜೆಯಲ್ಲೋ ದಸರಾ ರಜೆಯಲ್ಲೋ ಮಾಡಿ, ಪರೀಕ್ಷೆ ಸಮಯದಲ್ಲಿ ಬೇಡ. ಆಮೇಲೆ ಇಂಟರ್ನೆಟ್ ಕೆಲಸವೆಲ್ಲ ಮಿಂಟ್‌ನಲ್ಲಿ, ಟ್ಯಾಲಿ ಮತ್ತು ಪ್ರಿಂಟ್ ವಿಂಡೋಸ್‌ನಲ್ಲಿ. ವಿಂಡೋಸ್ 10ರ ಅಪ್‌ಡೇಟ್ ಪೂರ್ತಿ ನಿಂತ ಮೇಲೆ ಟ್ಯಾಲಿ ಲೈಸೆನ್ಸ್‌ಗೆ ಬೇಕಾದಷ್ಟು ಬಿಟ್ಟರೆ ಅಲ್ಲಿ ಇಂಟರ್ನೆಟ್ ಬಳಸಬೇಡಿ. ವ್ಯಾಪಾರ ದೊಡ್ಡದಾದರೆ ಯಜಮಾನರು ಮಂಡಿಗೆ ಬೇರೆ ಕಂಪ್ಯೂಟರ್ ತಗೊಳ್ಳುವುದೇ ಒಳ್ಳೆಯದು. ಆಗ ಈ ಲ್ಯಾಪ್‌ಟಾಪ್ ಪೂರ್ತಿ ಲಿನಕ್ಸ್ ಆಗಬಹುದು.

ಅಣ್ಣನ ಮಗನಿಗೆ ಒಂದು ಪ್ರಶ್ನೆ ಕೇಳಿ: ಹಾಕಿಕೊಟ್ಟ ಮೇಲೆ ಆರು ತಿಂಗಳು ಫೋನ್ ಎತ್ತುತ್ತೀಯಾ? ಸಣ್ಣ ಊರಿನ ಅಂಗಡಿಗಳಲ್ಲಿ ಲಿನಕ್ಸ್ ಗೊತ್ತಿರುವವರು ಕಡಿಮೆ. ಕೆಟ್ಟಾಗ ಅಲ್ಲಿಗೆ ಒಯ್ದರೆ "ಫಾರ್ಮ್ಯಾಟ್ ಮಾಡೋಣ" ಎಂಬ ಉತ್ತರ ಬರುವ ಸಂಭವ ಜಾಸ್ತಿ. ದೂರದಿಂದಲೇ ಇನ್ನೊಂದು ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಲಿನಕ್ಸ್‌ನಲ್ಲೂ ಇದೆ, ಬೆಂಗಳೂರಿನಿಂದಲೇ ಅವನು ನೋಡಿ ಸರಿಮಾಡಬಹುದು. ಆ ಭರವಸೆ ಸಿಗದಿದ್ದರೆ ಕಾಯಿರಿ. ಮೇಲೆ ಹೇಳಿದ ಉಚಿತ ಅಪ್‌ಡೇಟ್ ಯೋಜನೆ ಇರುವವರೆಗೆ ನೀವು ಅಂಥ ಅಪಾಯದಲ್ಲೇನೂ ಇಲ್ಲ.

ಮಗನ ವಿಷಯ ಕಡೆಗೆ ಬಿಟ್ಟಿದ್ದೆ. ಅವನಿಗೆ ಇದರಿಂದ ನಿಮಗಿಂತ ಹೆಚ್ಚು ಲಾಭ. ಪೈಥಾನ್ ಮಿಂಟ್‌ನಲ್ಲಿ ಮೊದಲೇ ಇರುತ್ತದೆ, ಸಿ++ ಕಂಪೈಲರ್ ಹಾಕಿಕೊಳ್ಳಲು ಒಂದೆರಡು ನಿಮಿಷ ಸಾಕು. ಮುಂದೆ ಎಂಜಿನಿಯರಿಂಗ್‌ಗೆ ಹೋದರೆ ಅಲ್ಲಿ ಲಿನಕ್ಸ್ ಹೇಗೂ ಎದುರಾಗುತ್ತದೆ. ಒಂದೇ ಎಚ್ಚರಿಕೆ: ಅವನಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಇಲ್ಲದ ಬೇರೆ ಖಾತೆ ಮಾಡಿಕೊಡಿ, ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ. ಕಲಿಯುವ ಹುಡುಗರು ಸಿಸ್ಟಂ ಕೆಡಿಸಿಯೇ ಕಲಿಯುತ್ತಾರೆ. ಅದನ್ನು ಅವನು ನಿಮ್ಮ ಪ್ರಶ್ನೆಪತ್ರಿಕೆ ಇರುವ ಕಡೆ ಮಾಡದೆ, ಆ ಪೆನ್‌ಡ್ರೈವ್‌ನಿಂದ ತೆರೆಯುವ ಮಿಂಟ್‌ನಲ್ಲೇ ಮಾಡಲಿ, ಒಳಗಿನ ಡಿಸ್ಕ್ ಮಾತ್ರ ಮುಟ್ಟದಿರಲಿ.